ಎಚ್‌ಡಿ ಅಳಿಯ

ಮಣಿಕಂಠನ ಹಳೆಯ ವೀಡಿಯೋ ಕ್ಯಾಮೆರಾಕ್ಕೆ ಕಣ್ಣು ಅಷ್ಟಕ್ಕಷ್ಟೇ. ತಮಿಳು ಸೀಮೆಯ ಪೆನ್ನಾಗರಂ ಸುತ್ತಿನ ಮದುವೆ, ಸೀಮಂತಗಳಲ್ಲಿ ಅದು ವರ್ಷಗಟ್ಟಲೆ ದುಡಿದಿತ್ತು. ಅದರೊಳಗೆ ಹೋದವರೆಲ್ಲ ತುಸು ಬೆಳ್ಳಗೆ, ತುಸು ದುಂಡಗೆ, ತುಸು ಮಂಜಾಗಿ ಹೊರಬರುತ್ತಿದ್ದರು. ಜನಕ್ಕೆ ಅದೇ ಇಷ್ಟ. ಮದುವೆಗೇ ಹೋಗದವರು ಕೂಡ ಕಂಬದ ಹಿಂದಿನ ಯಾವುದೋ ಮಸುಕು ತಲೆ ತೋರಿಸಿ, ಅದು ತಾವೇ ಎಂದು ಹೇಳಿ ಮರ್ಯಾದೆ ಉಳಿಸಿಕೊಳ್ಳಬಹುದಿತ್ತು. ಇಂಥ ಪರೋಪಕಾರಿ ಯಂತ್ರವನ್ನು ಮಾರಿ ಅವನು ಸೇಲಂನಿಂದ ಹೊಸ ಎಚ್‌ಡಿ ಕ್ಯಾಮೆರಾ ತಂದ. ಗ್ರಹಚಾರ ಶುರುವಾದದ್ದು ಅಲ್ಲಿಂದ.

ತಂದದ್ದು ಹೆಚ್ಚಾಗಿ ಮಾವನನ್ನು ಒಲಿಸಿಕೊಳ್ಳುವ ಆಸೆಯಿಂದ. ಮೂರು ವರ್ಷದ ಹಿಂದೆ ಅವನೂ ವಾಣಿಯೂ ಯಾರಿಗೂ ಹೇಳದೆ ಧರ್ಮಪುರಿಯ ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾಗಿದ್ದರು. ಅಂದಿನಿಂದ ವಾಣಿಯ ಅಪ್ಪ ಗೋಪಾಲಪ್ಪ ಅಳಿಯನೊಂದಿಗೆ ಒಂದು ಮಾತೂ ಆಡಿರಲಿಲ್ಲ. ಹಬ್ಬಕ್ಕೆ ಮಗಳು ಒಳಗೆ ಹೋಗಿ ಉಂಡು ಬರುವ ತನಕ ಅಳಿಯ ಬೈಕಿನ ಜೊತೆ ರಸ್ತೆಯ ಹುಣಿಸೆಮರದಡಿ ಕಾಯಬೇಕಿತ್ತು. ಈಗ ಗೋಪಾಲಪ್ಪನ ಮಗನ ಮಗುವಿಗೆ ಕಿವಿ ಚುಚ್ಚುವ ಶಾಸ್ತ್ರ ಬಂದಾಗ ಅತ್ತೆ ಹಟ ಹಿಡಿದು ಅವನನ್ನು ಕರೆಸಿದಳು. ಗೋಪಾಲಪ್ಪ ಒಂದೇ ಷರತ್ತಿನ ಮೇಲೆ ಒಪ್ಪಿದ: ಬರುವುದಾದರೆ ವೀಡಿಯೋದವನಾಗಿ ಬರಲಿ, ಅಳಿಯನಾಗಿ ಬೇಡ.

ಶಾಸ್ತ್ರದ ದಿನವಿಡೀ ಗೋಪಾಲಪ್ಪ ಆ ಷರತ್ತನ್ನು ಚಾಚೂ ತಪ್ಪದೆ ಪಾಲಿಸಿದ. ಮಣಿಕಂಠನ ಮೂಗಿನ ಮುಂದೆಯೇ ನಿಂತು, ಪಕ್ಕದವರ ಕಡೆ ತಿರುಗಿ, “ಆ ವೀಡಿಯೋದವ್ನ್ಗೆ ಯೋಳ್ರಪ್ಪ, ಉಣ್ಣಾಕ್ ಓಗ್ಲಿ” ಎಂದ. ಮಣಿಕಂಠ ಅದನ್ನೂ ಅನ್ನದ ಜೊತೆಗೇ ನುಂಗಿದ. ಆ ಸೀಮೆಯ ಕನ್ನಡದ ಮನೆಗಳಲ್ಲೂ ಅಳಿಯನನ್ನು ಕೂಗುವುದು ತಮಿಳಿನ ‘ಮಾಪಿಳ್ಳೆ’ ಎಂಬ ಮಾತಿನಿಂದಲೇ. ಹೊಸ ಕ್ಯಾಮೆರಾದ ಅಂದ ನೋಡಿ ಮಾವ ಒಂದೇ ಒಂದು ಸಲ ಆ ಮಾತು ಆಡಿಬಿಟ್ಟರೆ ಅವನಿಗೆ ಅಷ್ಟೇ ಸಾಕಾಗಿತ್ತು.

ಮುಂದಿನ ಭಾನುವಾರ ಬೆಳಗ್ಗೆ ವೀಡಿಯೋ ನೋಡಲು ಗೋಪಾಲಪ್ಪನ ನಡುಮನೆಯಲ್ಲಿ ನೆಂಟರೆಲ್ಲ ಸೇರಿದರು. ಹೊಸ ದೊಡ್ಡ ಟಿವಿ ಗೋಡೆಯಲ್ಲಿತ್ತು. ಮಣಿಕಂಠ ಪೆನ್‌ಡ್ರೈವ್ ಚುಚ್ಚಿ ಬಾಗಿಲ ಹತ್ತಿರ ನಿಂತ. ರಿಮೋಟು ಮಾತ್ರ ಗೋಪಾಲಪ್ಪನ ಅಕ್ಕ ಮುತ್ತಮ್ಮನ ಕೈ ಸೇರಿತು. ಆ ಮನೆಯಲ್ಲಿ ಯಾವ ಅಧಿಕಾರವೂ ಬೇರೆಯವರ ಕೈಗೆ ಹೋದದ್ದಿಲ್ಲ.

ಮೊದಲಿಗೆ ತೋರಣ ಬಂತು. ಮಾವಿನೆಲೆಯ ನರಗಳು ಎಣಿಸುವಂತೆ ಕಾಣುತ್ತಿದ್ದವು, ಎಲ್ಲರೂ ಹೊಗಳಿದರು. ಮಣಿಕಂಠನಿಗೆ ಅರ್ಧ ಗೆದ್ದಂತಾಯಿತು. ಆಮೇಲೆ ಆರತಿ ತಟ್ಟೆ ಹಿಡಿದ ಹೆಂಗಸರು ಬಂದರು. ಮುತ್ತಮ್ಮ ಕಣ್ಣು ಕಿರಿದು ಮಾಡಿ ನೋಡಿದಳು.

“ಯಾರಮ್ಮೀ ಆ ಮುದ್ಕಿ, ನನ್ ಸೀರೆ ಉಟ್ಕಂಡೈತೆ?”

ವಾಣಿ, ಅದು ನೀನೇ ಅತ್ತೆ ಎಂದು ಮೆಲ್ಲಗೆ ಹೇಳಿದಳು. ಪರದೆಯ ಮೇಲಿನ ಮುತ್ತಮ್ಮನ ಪೌಡರು ಬೆವರಿಗೆ ಅಲ್ಲಲ್ಲಿ ಬಿರುಕು ಬಿಟ್ಟಿತ್ತು, ಮೇಲ್ದುಟಿಯ ಮೇಲೆ ಎಳೆಮೀಸೆ ಕೂಡ ಇತ್ತು. ಹಳೆಯ ಕ್ಯಾಮೆರಾದಲ್ಲಿ ಪ್ರತಿ ಮದುವೆಯಲ್ಲೂ ನಲವತ್ತು ದಾಟದೆ ಉಳಿದಿದ್ದ ಹೆಂಗಸು ಒಂದೇ ಗಳಿಗೆಯಲ್ಲಿ ಎಪ್ಪತ್ತಕ್ಕೆ ಬಂದಳು. ಅವಳಿಗೆ ನಿಜವಾಗಿ ಸಂಕಟವಾಯಿತು. ಆದರೆ ತಾನೊಬ್ಬಳೇ ಸಂಕಟಪಡುವ ಜಾತಿಯಲ್ಲ ಅವಳು. ಅಲ್ಲಿಂದಾಚೆಗೆ ಒಬ್ಬೊಬ್ಬರ ಮುಖ ಬಂದಾಗಲೂ ವೀಡಿಯೋ ನಿಲ್ಲಿಸಿ, ದೊಡ್ಡದು ಮಾಡಿ ನೋಡತೊಡಗಿದಳು.

ಮೊದಲು ಸಿಕ್ಕಿಬಿದ್ದವನು ಗೋಪಾಲಪ್ಪನ ತಮ್ಮ ಮಾರಿಯಪ್ಪ. ಶಾಸ್ತ್ರದ ದಿನ ಕೂರಲೂ ಪುರಸೊತ್ತಿಲ್ಲದೆ ಬಡಿಸಿ ಬಡಿಸಿ ಸೊಂಟ ಬಿದ್ದುಹೋಯಿತೆಂದು ಅವನು ವಾರವೆಲ್ಲ ಊರಿಗೆ ಹೇಳಿಕೊಂಡು ತಿರುಗಿದ್ದ. ಪರದೆಯಲ್ಲಿ, ಚಪ್ಪರದ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಅವನು ಬಾಯಿ ತೆರೆದು ಮಲಗಿದ್ದ. ಒಂದು ನೊಣ ಬಂದು ಕೆಳತುಟಿಯ ಮೇಲೆ ಕುಳಿತು, ಮುಂಗಾಲು ಉಜ್ಜಿಕೊಂಡು, ಒಳಗೆ ಹೋಗುವುದೋ ಬೇಡವೋ ಎಂದು ಯೋಚಿಸಿ ಹಾರಿಹೋಯಿತು. ಮಾರಿಯಪ್ಪನ ಹೆಂಡತಿ ಗಂಡನ ಕಡೆ ತಿರುಗಿ, ಮೂರು ದಿನ ತಾನು ಅವನ ಸೊಂಟಕ್ಕೆ ಎಣ್ಣೆ ತಿಕ್ಕಿದ್ದನ್ನು ನೆನಪಿಸಿದಳು.

ಮಣಿಕಂಠ ಟಿವಿಯ ಹತ್ತಿರ ಜರುಗಿದ. ಇನ್ನು ಮುಂದಿರುವುದು ಬರೀ ಊಟ, ವೀಳ್ಯ ಎಂದು ಹೇಳಿ ಪೆನ್‌ಡ್ರೈವ್ ಕೀಳಲು ಹೋದ. ಮುತ್ತಮ್ಮ ರಿಮೋಟಿನಿಂದಲೇ ಅವನ ಕೈಗೆ ಒಂದು ಕೊಟ್ಟಳು.

ಆಮೇಲೆ ಗೋಪಾಲಪ್ಪನ ಸೊಸೆಯ ತವರಿನವರು ತಂದ ಉಡುಗೊರೆಯ ತಟ್ಟೆಗಳು ಸಾಲಾಗಿ ಬಂದವು. ಸೊಸೆಯ ತಾಯಿ ಹೆಮ್ಮೆಯಿಂದ ಮುಂದೆ ಜರುಗಿ ಕುಳಿತಳು. ಗೋಪಾಲಪ್ಪನ ಹೆಂಡತಿಗೆಂದು ತಂದ ಹಸಿರು ಸೀರೆ ತೆರೆಯ ತುಂಬ ಕಂಡಿತು. ಮುತ್ತಮ್ಮ ಅಲ್ಲೇ ನಿಲ್ಲಿಸಿದಳು. ಹೊಸ ಬಟ್ಟೆ ಕೊಡುವಾಗ ಒಂದು ಮೂಲೆಗೆ ಅರಿಶಿನ ಹಚ್ಚುವುದು ಎಲ್ಲ ಮನೆಯಲ್ಲೂ ಇರುವ ಪದ್ಧತಿ. ಈ ಸೀರೆಯ ಮೂಲೆಯಲ್ಲಿ ಒಣಗಿದ ಗುರುತೊಂದು, ಹಸಿ ಗುರುತೊಂದು ಅಕ್ಕಪಕ್ಕದಲ್ಲಿದ್ದವು. ಒಣಗಿದ್ದು ತಾನೇ ಹಚ್ಚಿದ್ದು, ಹೋದ ವರ್ಷ ಇವರ ಗೃಹಪ್ರವೇಶಕ್ಕೆ ತಾನೇ ಕೊಟ್ಟ ಸೀರೆ ಇದು ಎಂದು ಮುತ್ತಮ್ಮ ಸಭೆಗೆ ತಿಳಿಸಿದಳು. ಸೊಸೆಯ ತಾಯಿ ಕೆಂಪಾದಳು. ಆದರೆ ಸೋಲಲಿಲ್ಲ. ಎದ್ದು ಟಿವಿಯ ಹತ್ತಿರ ಹೋಗಿ ಬೆರಳಿಟ್ಟು ತೋರಿಸಿದಳು.

“ಇಲ್ ನೋಡು, ಮೂರ್ನೇದೂ ಐತೆ. ನೀನು ಕೊಡಾಕ್ ಮುಂಚೆ ಇದು ಯಾರ್ ಮನೇದು?”

ಆಮೇಲೆ ನಡೆದ ಮಾತುಕತೆ ಅರ್ಧ ಕನ್ನಡ, ಅರ್ಧ ತಮಿಳು. ಬೈಗುಳ ಮಾತ್ರ ಪೂರ್ತಿ ತಮಿಳು. ಗದ್ದಲದಲ್ಲಿ ಯಾರದೋ ಬೆರಳು ರಿಮೋಟಿಗೆ ತಗಲಿ ವೀಡಿಯೋ ಮುಂದೆ ಓಡಿತು. ಪರದೆಯಲ್ಲಿ ವಾಣಿ, ಮೂರು ವರ್ಷದಲ್ಲಿ ಮೊದಲ ಸಲ ತವರಿನ ಶಾಸ್ತ್ರಕ್ಕೆಂದು ಹೊಸ ಸೀರೆಯುಟ್ಟು ಹೊಸಿಲು ದಾಟುತ್ತಿದ್ದಳು. ಹಿಂದೆ, ಕಂಬದ ಮರೆಯಲ್ಲಿ, ಗೋಪಾಲಪ್ಪ ನಿಂತಿದ್ದ. ಹಳೆಯ ಕ್ಯಾಮೆರಾ ಆಗಿದ್ದರೆ ಅಲ್ಲೊಂದು ಬಿಳಿ ಟವಲು ಇದೆ ಎಂದಷ್ಟೇ ಗೊತ್ತಾಗುತ್ತಿತ್ತು. ಇದರಲ್ಲಿ ಅವನ ಕಣ್ಣು ತುಂಬಿದ್ದು, ಹನಿಯೊಂದು ಮೀಸೆಯ ತನಕ ಇಳಿದದ್ದು, ಟವಲಿನಲ್ಲಿ ಅವಸರವಾಗಿ ಒರೆಸಿಕೊಂಡದ್ದು ಎಲ್ಲ ಕಂಡಿತು.

ಜಗಳವಾಡುತ್ತಿದ್ದವರೂ ಟಿವಿಯ ಕಡೆ ತಿರುಗಿದರು. ವಾಣಿ ಅಪ್ಪನನ್ನೇ ನೋಡಿದಳು.

“ಒಲೆ ಒಗೆ ಕಣಮ್ಮ ಅದು” ಎಂದ ಗೋಪಾಲಪ್ಪ.

ಶಾಸ್ತ್ರದ ಅಡುಗೆಗೆ ಒಲೆ ಹೂಡಿದ್ದು ಹಿತ್ತಲಾಚೆಯ ಹೊಲದಲ್ಲಿ, ಹೊಗೆ ಕಂಬದ ತನಕ ಬರುವಂತಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಗೋಪಾಲಪ್ಪ ಎದ್ದು ಹಿತ್ತಲಿಗೆ ನಡೆದ. ಈಗ ತಾನೇ ಜುಟ್ಟು ಹಿಡಿಯಲಿದ್ದ ಮುತ್ತಮ್ಮ, ಸೊಸೆಯ ತಾಯಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಅವನ ಹಿಂದೆ ಹೋದರು. ಮಾರಿಯಪ್ಪನೂ ಹೋದ. ಹಿತ್ತಲಿನಿಂದ ಪಿಸುಮಾತು ಬಹಳ ಹೊತ್ತು ಕೇಳಿಬಂತು. ಮಣಿಕಂಠ ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡ. ಹುಣಿಸೆಮರದ ನೆರಳೂ ಇನ್ನು ತನಗಿಲ್ಲ ಎಂದು ಅವನಿಗೆ ಖಾತ್ರಿಯಾಗಿತ್ತು. ತನ್ನಿಂದ ವಾಣಿಗೂ ತವರು ತಪ್ಪಿತಲ್ಲ ಎಂದುಕೊಳ್ಳುತ್ತ ಕ್ಯಾಮೆರಾ ಚೀಲ ಎತ್ತಿಕೊಂಡ.

ಗೋಪಾಲಪ್ಪ ತಿರುಗಿ ಬಂದಾಗ ಕೈಯಲ್ಲಿ ತಟ್ಟೆಯಿತ್ತು, ತಟ್ಟೆಯಲ್ಲಿ ಹೊಸ ಪಂಚೆ. ನೇರ ಮಣಿಕಂಠನ ಎದುರಿಗೆ ಬಂದು ಮುಖ ನೋಡಿದ.

“ಮಾಪಿಳ್ಳೆ, ಯಾಕೆ ನಿಂತಿದ್ದೀರಿ? ಕುರ್ಚಿ ಮ್ಯಾಲೆ ಕೂತ್ಕಳಿ.”

ಮಣಿಕಂಠ ಕುರ್ಚಿಯ ತುದಿಯಲ್ಲಿ ಕುಳಿತ. ವಾಣಿ ಸೆರಗು ಬಾಯಿಗೊತ್ತಿ ಅಳತೊಡಗಿದಳು. ವಾಣಿಯ ಅಮ್ಮ ಬೆಲ್ಲದ ಕಾಫಿ ತಂದಳು. ಗೋಪಾಲಪ್ಪ ಪಂಚೆಯನ್ನು ಅಳಿಯನ ಹೆಗಲಿಗೆ ಹೊದಿಸಿ ಮಾತು ಮುಂದುವರಿಸಿದ.

“ಇನ್ಮ್ಯಾಕೆ ನೀವು ಈ ಮನೆ ಮಾಪಿಳ್ಳೆ. ಮಾಪಿಳ್ಳೆ ಕ್ಯಾಮೆರಾ ಇಡ್ಕಂಡು ನಿಂತ್ರೆ ನಮಗೆ ಮರ್ವಾದೆ ಅಲ್ಲ. ನಮ್ ನೆಂಟ್ರು ಯಾರ್ ಮದ್ವೆ ಮಾಡಿದ್ರೂ ನೀವು ಮುಂದ್ಗಡೆ ಸಾಲಲ್ಲಿ ಕೂತಿರ್ಬೇಕು, ಅಷ್ಟೇ.”

ಪೆನ್ನಾಗರಂನಿಂದ ಓಮಲೂರಿನ ತನಕ ಮದುವೆ ಮಾಡುವವರೆಲ್ಲ ಯಾವುದಾದರೊಂದು ಎಳೆಯಲ್ಲಿ ಗೋಪಾಲಪ್ಪನ ನೆಂಟರೇ. ಮಣಿಕಂಠನ ಗಿರಾಕಿಗಳೆಲ್ಲ ಅವರೇ. ಅವನು ಬಾಯಿ ತೆರೆಯುವಷ್ಟರಲ್ಲಿ ಮಾರಿಯಪ್ಪ ಮೂಲೆಯಲ್ಲಿ ನಿಂತು ಫೋನಿನಲ್ಲಿ ಓಮಲೂರಿನ ವೀಡಿಯೋದವನಾದ ಸೆಂದಿಲ್‌ಕುಮಾರ್‌ಗೆ ಬರುವ ವೈಯಾಸಿ ಎಂಬ ತಮಿಳು ತಿಂಗಳ ಮದುವೆಗಳನ್ನೆಲ್ಲ ಒಪ್ಪಿಸುತ್ತಿದ್ದ.

ಮುತ್ತಮ್ಮ ವಾಣಿಯ ಪಕ್ಕ ಕುಳಿತು ತನ್ನ ಸಾಹಸ ಹೇಳಿಕೊಂಡಳು. ಅವಳು ಪಿಸುಗುಟ್ಟಿದರೂ ನಡುಮನೆಗೆಲ್ಲ ಕೇಳುತ್ತದೆ. ಗೋಪಾಲಪ್ಪ ಮೊದಲು ಅವನನ್ನು ಮಾಪಿಳ್ಳೆ ಅನ್ನಲು ಸುತರಾಂ ಒಪ್ಪಲಿಲ್ಲವಂತೆ. ಬೈದು ಓಡಿಸಿದರೆ ಮಣಿಕಂಠ ಆ ಕ್ಯಾಮೆರಾ ಹಿಡಿದು ಮದುವೆ ಮದುವೆಗೂ ಬರುತ್ತಾನೆ, ತಡೆಯುವವರು ಯಾರು ಎಂದು ಅವಳೇ ಕೇಳಿದಳಂತೆ.

“ನೀನು ಅತ್ತಿದ್ದು ಇನ್ನೊಂದ್ ಕಿತ ಊರೆಲ್ಲ ನೋಡ್ಬೇಕಾ ಅಂದೆ. ಆಗ ಒಪ್ಕಂಡ.”

ಮಣಿಕಂಠ ಹೆಂಡತಿಯನ್ನು ನೋಡಿದ. ಅವಳ ಕಣ್ಣಲ್ಲಿ ಇನ್ನೂ ನೀರಿತ್ತು, ಮುಖದಲ್ಲಿ ಮೂರು ವರ್ಷದಿಂದ ಕಾಣದ ನಗುವಿತ್ತು. ಗಿರಾಕಿಗಳ ಮಾತು ಎತ್ತುವುದನ್ನು ಅವನು ಅಲ್ಲಿಗೇ ಬಿಟ್ಟ. ಈ ನಗುವನ್ನಾದರೂ ತೆಗೆದಿಟ್ಟುಕೊಳ್ಳೋಣವೆಂದು ಅಭ್ಯಾಸಬಲದಿಂದ ಕ್ಯಾಮೆರಾ ಚೀಲಕ್ಕೆ ಕೈ ಹಾಕಿದ. ನಾಲ್ಕು ಕಡೆಯಿಂದ ನಾಲ್ಕು ಕೈ ಬಂದು ಚೀಲವನ್ನು ದೂರ ಸರಿಸಿದವು.

“ನೀವು ಕೂತ್ಕಳಿ ಮಾಪಿಳ್ಳೆ” ಎಂದ ಗೋಪಾಲಪ್ಪ, ಮರ್ಯಾದೆಯಿಂದ.

ಮಾರಿಯಪ್ಪ ತನ್ನ ಹಳೆಯ ಫೋನು ತೆಗೆದು, ಕಿಟಕಿಯ ಬೆಳಕಿಗೆ ಎದುರಾಗಿ ನಿಂತು, ಕೈ ನಡುಗಿಸಿಕೊಂಡೇ ಒಂದು ಫೋಟೋ ತೆಗೆದ. ಫೋನು ಕೈಯಿಂದ ಕೈಗೆ ಹೋಯಿತು. ಮುತ್ತಮ್ಮ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ಫೋಟೋ ಅಂದರೆ ಹೀಗಿರಬೇಕು ಎಂದಳು. ಸೊಸೆಯ ತಾಯಿಯೂ ತಲೆಯಾಡಿಸಿದಳು. ಕೊನೆಗೆ ಅದು ಮಣಿಕಂಠನ ಕೈಗೆ ಬಂತು. ಕುರ್ಚಿಯ ಮೇಲೆ ಬಿಳಿ ಪಂಚೆಯಂಥದ್ದೇನೋ ಕುಳಿತಿತ್ತು. ಅದರ ಮೇಲಿನ ಮುಖ ಅವನದೂ ಇರಬಹುದಿತ್ತು, ಸೆಂದಿಲ್‌ಕುಮಾರ್‌ನದೂ ಇರಬಹುದಿತ್ತು. ಮಾವ ಉತ್ತರಕ್ಕಾಗಿ ಕಾಯುತ್ತಿದ್ದ.

“ಸೂಪರಾಗ್ ಬಂದೈತೆ ಮಾವ” ಎಂದ ಮಣಿಕಂಠ.