ಭಾವನ ಲೇತಿಗಿಟ್ಟ ಕುಂಕುಮ

ಹಸುವನ್ನು ಜಗಲಿಗೆ ಅಟ್ಟಿ, ಕೊಟ್ಟಿಗೆಯಲ್ಲಿ ಕಬ್ಬಿಣವನ್ನು ಕಟ್ಟಿಹಾಕಿದ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನನ್ನ ಅಕ್ಕನ ಗಂಡ. ಸಿಂಗಸಂದ್ರದಲ್ಲಿ ಮನೆ, ಹೊಸೂರು ರಸ್ತೆಯ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ, ತಲೆಯ ತುಂಬ ಲೇತು!

ಸಾವಿರದ ಒಂಬೈನೂರ ಎಂಬತ್ತರ ಆಸುಪಾಸು. ಗುಜರಿಯಲ್ಲಿ ಸಿಕ್ಕ, ಮರ-ಲೋಹ ಕಡೆಯುವ ಹಳೆಯ ಲೇತು ಯಂತ್ರವೊಂದನ್ನು ಎತ್ತಿನ ಗಾಡಿಗೆ ಹೇರಿಸಿ, ಹೊಸ ಹೆಣ್ಣನ್ನು ಮನೆ ತುಂಬಿಸಿಕೊಳ್ಳುವವರ ಗತ್ತಿನಲ್ಲಿ ಭಾವ ಮುಂದೆ ಮುಂದೆ ನಡೆದು ಬಂದರು. ಅಕ್ಕ ಬಾಗಿಲಲ್ಲೇ ನಿಂತು, "ಎಮ್ಮೆ ತಂದಿದ್ರೆ ಆಲಾದ್ರೂ ಕೊಡ್ತಿತ್ತು" ಅಂದಳು.

"ಇದೂ ಕೊಡ್ತದೆ, ವಸಿ ತಡ್ಕೋ."

ಅದು ಮೊದಲು ಕೊಟ್ಟದ್ದು ಬುಗುರಿ. ಆಮೇಲೆ ಮುದ್ದೆ ಕೋಲು, ಬಾಗಿಲ ಹಿಡಿ, ಊರುಗೋಲಿನ ತಲೆ. ಊರಿನಲ್ಲಿ ಯಾರ ಮನೆಗೆ ಹೋದರೂ ಭಾವ ಕಡೆದ ಗುಂಡಗಿನ ವಸ್ತು ಒಂದಾದರೂ ಇರುತ್ತಿತ್ತು. ಚೌಕಾಕಾರದ ಯಾವುದನ್ನು ಕಂಡರೂ ಅವರಿಗೆ ಅಯ್ಯೋ ಪಾಪ ಅನ್ನಿಸುತ್ತಿತ್ತು!

ಕಲಿಸಿದವರು ಯಾರು ಅಂತೀರಾ? ಬಸ್ಸೇ ಪಾಠಶಾಲೆ. ಬೊಮ್ಮಸಂದ್ರದಲ್ಲಿ ಪಾಳಿ ಮುಗಿಸಿ ಹತ್ತುವ ಟರ್ನರುಗಳಿಗೆ, ಅಂದರೆ ಲೇತು ನಡೆಸುವವರಿಗೆ, ಕಂಡಕ್ಟರ್ ಪಕ್ಕದ ಸೀಟು ಮೀಸಲು. ಬಸುರಿ ಹೆಂಗಸು ಹತ್ತಿದರೆ ತಾವು ಎದ್ದು ಜಾಗ ಕೊಡುತ್ತಿದ್ದರೇ ಹೊರತು ಟರ್ನರನ್ನು ಎಬ್ಬಿಸುತ್ತಿರಲಿಲ್ಲ. ಪಾಠ ಬಿಸಿಯೇರಿದಾಗ ಸೀಟಿ ಊದುವುದೇ ಮರೆತು ಬಸ್ಸು ಎರಡು ಸ್ಟಾಪು ದಾಟಿಬಿಡುತ್ತಿತ್ತು. ಇಳಿಯಬೇಕಾದವರು ಬೈದುಕೊಳ್ಳುತ್ತ ಹಿಂದಕ್ಕೆ ನಡೆಯುತ್ತಿದ್ದರು.

ಒಂದು ದಿನ ಊಟಕ್ಕೆ ಕೂತಾಗ ಘೋಷಿಸಿದರು: ಆಟ ಮುಗಿಯಿತು, ಇನ್ನು ಇದು ಕಸುಬು. ಕಂಡಕ್ಟರ್ ಕೆಲಸದ ಜೊತೆಗೇ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುತ್ತಾರಂತೆ. ನಾನಾಗ ಹೈಸ್ಕೂಲು ಮುಗಿಸಿ, ಬೊಮ್ಮಸಂದ್ರದ ಒಂದು ಪಂಪು ಕಾರ್ಖಾನೆಯಲ್ಲಿ ಅಳತೆ ನೋಡುವ ಕೆಲಸಕ್ಕೆ ಸೇರಿದ್ದೆ. "ಒಂದೇ ಒಂದು ಸ್ಯಾಂಪಲ್ ಕೊಡ್ಸೋ. ಮಿಕ್ಕಿದ್ದು ನಾನು ನೋಡ್ಕೋತೀನಿ" ಅಂದರು.

ಮಾಲೀಕರು ಒಪ್ಪಿದರು. ಹಿತ್ತಾಳೆಯ ಬಳೆಯಂಥ ಬುಷ್‌ಗಳು, ಇಪ್ಪತ್ತು. ಮೂರು ಅವಕಾಶ. ಪಾಸಾದರೆ ತಿಂಗಳು ತಿಂಗಳೂ ಕೆಲಸ.

ಮೊದಲ ಸಲ ಇಪ್ಪತ್ತೂ ಕೂದಲೆಳೆಯಷ್ಟು ಸಣ್ಣ. ನಿಯಮದಂತೆ ಒಂದೊಂದಕ್ಕೂ ಕೆಂಪು ಬಣ್ಣದ ಬೊಟ್ಟಿಟ್ಟು ವಾಪಸು ಕಳಿಸಿದೆ. ಭಾವ ತಮ್ಮ ಕೈಯನ್ನೇ ಬೈದುಕೊಂಡು ಮತ್ತೆ ಕಡೆದರು. ಎರಡನೆಯ ಸಲವೂ ಅದೇ ಕೂದಲೆಳೆ! ಆಗ ನನಗೇ ಅನುಮಾನ ಬಂದು, ಅಳೆಯುವ ಸಾಧನವಾದ ಮೈಕ್ರೋಮೀಟರಿನ ಬಾಯಿ ಮುಚ್ಚಿ ನೋಡಿದೆ. ಸೊನ್ನೆ ತೋರಿಸಬೇಕಾದದ್ದು ತೋರಿಸಲಿಲ್ಲ.

ಈಗ ತಪ್ಪೊಪ್ಪಿಗೆ. ಆ ಮೈಕ್ರೋಮೀಟರ್ ಕೆಲವು ದಿನಗಳ ಹಿಂದೆ ನನ್ನ ಕೈಜಾರಿ ನೆಲಕ್ಕೆ ಬಿದ್ದಿತ್ತು. ಹೊರಗಿನ ಸ್ಯಾಂಪಲ್ಲಿಗೆ ಮಾತ್ರ ಬಳಸುವ ಸಾಧನ, ಯಾರಿಗೆ ಗೊತ್ತಾಗುತ್ತದೆ ಎಂದು ಒರೆಸಿ ಪೆಟ್ಟಿಗೆಯಲ್ಲಿಟ್ಟಿದ್ದೆ. ಹೇಳಿದರೆ ಕೆಲಸ ಹೋಗುತ್ತಿತ್ತು. ಮೂರನೆಯ ಸಲ ಭಾವ ರಜೆ ಹಾಕಿ ತಾವೇ ಬಂದರು. ಮಾಲೀಕರು ಪಕ್ಕದಲ್ಲೇ ನಿಂತು, ಮೈಕ್ರೋಮೀಟರ್ ತೋರಿಸುವ ಅದೇ ತಪ್ಪು ಅಳತೆಯನ್ನು ನೋಡುತ್ತಿದ್ದರು. ಬುಷ್‌ಗಳು ಸರಿಯಾಗಿವೆ ಎಂದು ಚೆನ್ನಾಗಿ ಗೊತ್ತಿದ್ದೂ ನಾನು ಇಪ್ಪತ್ತಕ್ಕೂ ಕೆಂಪು ಬೊಟ್ಟಿಟ್ಟೆ.

"ಟಿಕೆಟ್ ಹರಿಯೋ ಕೈ ಸಾರ್ ಅದು, ಹಿತ್ತಾಳೆ ನಿಮಗೆ ಯಾಕೆ?" ಅಂದರು ಮಾಲೀಕರು.

ಭಾವ ಬುಷ್‌ಗಳನ್ನು ಚೀಲಕ್ಕೆ ತುಂಬಿಕೊಂಡು ನನ್ನ ಮುಖವನ್ನೊಮ್ಮೆ ನೋಡಿ ಹೊರಟರು. ಇಷ್ಟಾದರೂ ಲೇತು ನಿಲ್ಲಲಿಲ್ಲ. ತಿಂಗಳೊಳಗೆ ಪೀಣ್ಯದ ಒಂದು ವರ್ಕ್‌ಶಾಪು ಅವರಿಗೆ ಕೆಲಸ ಕೊಟ್ಟಿತ್ತು. ಆಮೇಲೆ ವರ್ಷಗಟ್ಟಲೆ ಕೊರಳಲ್ಲಿ ಟಿಕೆಟ್ ಚೀಲ, ಬಗಲಲ್ಲಿ ಬುಷ್ ಚೀಲ! ಯಾವುದರಲ್ಲಿ ಚಿಲ್ಲರೆ ಇದೆಯೆಂದು ಮರೆತು ಪ್ರಯಾಣಿಕರೊಬ್ಬರ ಕೈಗೆ ಬುಷ್ ಕೊಟ್ಟದ್ದೂ ಉಂಟು.

ಭಾವನಿಗೆ ಇನ್ನೊಂದು ಹುಚ್ಚು ಹಿಡಿಯಿತು. ಆಯುಧಪೂಜೆಯ ದಿನ ಲೇತಿಗೆ ಕುಂಕುಮವನ್ನು ಬಾಮೈದನಾದ ನಾನೇ ಇಡಬೇಕು. ಪುರೋಹಿತರು ಬಂದಿದ್ದರೂ ಅವರು ಇಡುವುದು ಬೇಡ, ಅಕ್ಕ ಸಿಡುಕಿದರೂ ಕೇಳರು. "ಅವನ ಕೈಗುಣ ಒಳ್ಳೇದು ಕಣೇ" ಎನ್ನುತ್ತಿದ್ದರು. ವರ್ಷಾ ವರ್ಷಾ ನಾನು ಹೋಗಿ, ತಲೆ ತಗ್ಗಿಸಿ, ಇಟ್ಟು ಬರುತ್ತಿದ್ದೆ.

ಹೋದ ವರ್ಷ ನೆಂಟರ ಮದುವೆಯಲ್ಲಿ ಪೀಣ್ಯದ ಆ ವರ್ಕ್‌ಶಾಪಿನ ಯಜಮಾನರು ಸಿಕ್ಕಿದರು. ಭಾವ ಅವರ ಮುಂದೆ ಸ್ಯಾಂಪಲ್ ಎಂದು ಸುರಿದದ್ದು ನಾನು ತಿರಸ್ಕರಿಸಿದ ಅವೇ ಬುಷ್‌ಗಳನ್ನಂತೆ. ಅಳೆದರೆ ಎಲ್ಲವೂ ಸರಿ. "ಮತ್ತೆ ಈ ಕೆಂಪು ಯಾಕ್ರೀ?" ಎಂದು ಯಜಮಾನರು ಕೇಳಿದ್ದಾರೆ.

ಭಾವ ಹೇಳಿದರಂತೆ: "ನಮ್ ಬಾಮೈದ ಇಟ್ಟಿರೋ ಕುಂಕುಮ ಸಾರ್. ದೃಷ್ಟಿ ಆಗ್ಬಾರ್ದು ಅಂತ."

ಊಟದ ಎಲೆಯ ಮುಂದೆ ಕೂತಿದ್ದವನು ಎದ್ದುಬಿಟ್ಟೆ.

ಈ ಸಲದ ಆಯುಧಪೂಜೆಗೆ ಹೋದಾಗ, ಕುಂಕುಮದ ಬಟ್ಟಲು ಹಿಡಿದು ಲೇತಿನ ಮುಂದೆ ನಿಂತು ಎಲ್ಲ ಹೇಳಿಬಿಟ್ಟೆ. ಬಿದ್ದದ್ದು, ಮುಚ್ಚಿಟ್ಟದ್ದು, ಗೊತ್ತಿದ್ದೂ ಬೊಟ್ಟಿಟ್ಟದ್ದು. ಎಂಬತ್ತು ದಾಟಿದ ಭಾವ ಗೋಡೆಗೊರಗಿ ಕೂತು ಕೇಳಿಸಿಕೊಂಡರು.

"ಇಪ್ಪತ್ತಕ್ಕೂ ಒಂದೇ ತಪ್ಪು ಮಾಡೋಕೆ ನನ್ನ ಕೈಲಿ ಎಲ್ಲಾಯ್ತದೋ? ತಪ್ಪು ಅಳತೆದು ಅಂತ ಅವತ್ತೇ ಗೊತ್ತಾಯ್ತು" ಅಂದರು. ಆಮೇಲೆ ನನ್ನ ಬೆರಳಿನ ಕಡೆ ನೋಡಿ, "ಪೂಜೆಗೆ ಹೊತ್ತಾಯ್ತು. ಕೈ ಇಲ್ಲಿ ಕೊಡು" ಎಂದು ನನ್ನ ಮಣಿಕಟ್ಟು ಹಿಡಿದುಕೊಂಡರು.

ಇಬ್ಬರೂ ಸೇರಿ ಇಟ್ಟೆವು.