ಒಡೆಸಾ ಅಜ್ಜಿಗೊಂದು ಕುರ್ಚಿ

ಬೆಲ್‌ಫೋರ್ಡ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಸಹಾಯಕ ಕೋಚ್‌ಗಳಿಗಿದ್ದ ಕುರ್ಚಿಗಳು ಮೂರೇ ಮೂರು. ಅವುಗಳಲ್ಲೊಂದರ ಮೇಲೆ ತಲೆತುಂಬ ಕೂದಲಿದ್ದಾಗ ಕುಳಿತ ವೆಂಡೆಲ್ ಪ್ರೂಯಿಟ್, ಕೂದಲೆಲ್ಲ ಉದುರಿದ ಮೇಲೂ ಅಲ್ಲಿಯೇ ಇದ್ದ. ಎತ್ತರದ ಹುಡುಗರಿಗೆ ಬುಟ್ಟಿಯ ಕೆಳಗೆ ಹೆಜ್ಜೆ ಹಾಕುವುದನ್ನು ಕಲಿಸುವುದರಲ್ಲಿ ಇಂಡಿಯಾನಾ ರಾಜ್ಯದಲ್ಲೇ ಅವನಿಗೆ ಸಾಟಿಯಿರಲಿಲ್ಲ. ಆದರೆ ಆಟ ಕಲಿಸಬಲ್ಲವನಿಗಿಂತ ಆಟಗಾರನನ್ನು ಎಳೆದು ತರಬಲ್ಲವನೇ ದೊಡ್ಡ ಗುರುವೆನಿಸಿಕೊಂಡರೆ, ವಿದ್ಯೆಗೆ ಉಳಿಯುವ ಬೆಲೆಯಾದರೂ ಏನು?

ಆ ಬೆಳಿಗ್ಗೆ ಕ್ರೀಡಾ ನಿರ್ದೇಶಕ ಹಾರ್ಲನ್ ಸ್ಟ್ರೌಡ್ ಅವನನ್ನು ಕರೆಸಿದ. ನಿರ್ದೇಶಕನ ಮುಖ ಹಿಂಡಿ ಬಿಸಾಡಿದ ನಿಂಬೆಹಣ್ಣಿನಂತಿತ್ತು.

"ಕೇಳಿದ್ಯೇನಯ್ಯಾ? ಆ ಮಾರ್ಲೋ ಕಾಲೇಜಿನವ್ರು ಡೆಮೆಟ್ರಿಕ್‌ನ ಸೋದರಮಾವನ್ನ ಕೋಚ್ ಮಾಡ್ಕೊಂಡ್ಬಿಟ್ರು!"

ಡೆಮೆಟ್ರಿಕ್ ರಾಜ್ಯದ ಶಾಲಾ ಆಟಗಾರರಲ್ಲೆಲ್ಲ ಎತ್ತರದವನು. ಅಂದು ಸಂಜೆ ತನ್ನ ಶಾಲೆಯ ಅಂಗಳದಲ್ಲಿ ಊರಿನವರೆದುರು ಕಾಲೇಜನ್ನು ಆರಿಸಿಕೊಳ್ಳುವವನಿದ್ದ.

"ಆ ಮಾವನಿಗೆ ಆಟ ಬರುತ್ತಾ ಸಾರ್?"

"ಆಟ ಯಾರಿಗೆ ಬೇಕಯ್ಯಾ, ಹುಡುಗ ಬರ್ತಾನಲ್ಲ! ಅವನು ಮಾವನಿಗಿಂತ ಹೆಚ್ಚಾಗಿ ಯಾರ ಮಾತು ಕೇಳ್ತಾನೋ ಹುಡುಕು. ಆಟಗಾರನ ಕಡೆಯವ್ರಿಗೆ ಬೇರೆ ಯಾವ ಕೆಲಸ ಕೊಡೋಕೂ ನಿಯಮ ಬಿಡಲ್ಲ. ಕೋಚ್ ಮಾಡಿದ್ರೆ ಯಾರೂ ಕೇಳಲ್ಲ."

"ಕುರ್ಚಿ ಖಾಲಿ ಇಲ್ವಲ್ಲ ಸಾರ್?"

"ಹುಡುಗ ಬಂದ್ರೆ ಡಾರಿಲ್‌ನ ಎಬ್ಬಿಸ್ತೀನಿ. ಬರದಿದ್ರೆ ನಿನ್ನ."

ಪೀಪಿ ಊದುವುದರ ಹೊರತು ಬೇರೇನೂ ತಿಳಿಯದ ಇನ್ನೊಬ್ಬ ಸಹಾಯಕ ಕೋಚ್ ಡಾರಿಲ್ ಹೊರಗೆ ನಿಂತು ಪೀಪಿ ಊದುತ್ತಿದ್ದ. ವೆಂಡೆಲ್ ನಿಟ್ಟುಸಿರಿಟ್ಟು ಕಾರು ಹತ್ತಿದ.

ಹುಡುಗನ ಊರಿನಲ್ಲಿ ಸುದ್ದಿ ಸಿಗುವ ಜಾಗ ಲೂಷಿಯಸ್‌ನ ಕ್ಷೌರದಂಗಡಿ. ವೆಂಡೆಲ್ ವಿಷಯ ತೆಗೆಯುತ್ತಲೇ ಲೂಷಿಯಸ್‌ನ ಕತ್ತರಿ ಗಾಳಿಯಲ್ಲಿ ನಿಂತಿತು.

"ಅವನು ನನ್ನ ಮಾತೇ ಕೇಳೋದು ಕೋಚ್. ತಲೆ ಬಗ್ಸು ಅಂದ್ರೆ ತಕ್ಷಣ ಬಗ್ಗಿಸ್ತಾನೆ."

"ಬಗ್ಗಿಸದಿದ್ರೆ ಕಿವಿ ಹೋಗುತ್ತಲ್ಲಯ್ಯಾ!" ಎಂದು ಟವಲಿನೊಳಗಿಂದ ಒಬ್ಬ ಮುದುಕ ಎದ್ದ. "ಚರ್ಚಲ್ಲಿ ಅವನಿಗೆ ದಾರಿ ತೋರಿಸಿದವನು ನಾನು. ನನ್ನೇ ಕೋಚ್ ಮಾಡಿ."

"ದಾರಿ ತೋರ್ಸಿದ್ದು ನೀನು, ಕರ್ಕೊಂಡು ಹೋಗಿದ್ದು ನನ್ನ ಟ್ರಕ್ಕು!" ಎಂದ ಬಾಗಿಲಲ್ಲಿದ್ದವನು.

ನೋಡನೋಡುತ್ತಿದ್ದಂತೆ ಅಂಗಡಿಯಲ್ಲಿ ಗಿರಾಕಿಗಳೇ ಉಳಿಯಲಿಲ್ಲ, ಎಲ್ಲರೂ ಕೋಚ್‌ಗಳಾದರು. ನಾಚಿಕೆಯೆಂಬುದು ಒಂದು ಕುರ್ಚಿಯ ಆಸೆಗೆ ಹೀಗೆ ಓಡಿಹೋಗಬಹುದೇ ಎಂದು ವೆಂಡೆಲ್ ಮರುಗಿದ. ಅಷ್ಟರಲ್ಲಿ ಮೂಲೆಯಿಂದ ಯಾರೋ ಕೇಳಿದರು:

"ಇದನ್ನೇ ಮಿಸ್ ಒಡೆಸಾ ಎದುರು ಹೇಳ್ರಪ್ಪ, ನೋಡೋಣ?"

ಕೋಚ್‌ಗಳೆಲ್ಲ ಮತ್ತೆ ಗಿರಾಕಿಗಳಾಗಿ ಕುಳಿತರು. ಮಿಸ್ ಒಡೆಸಾ ಡೆಮೆಟ್ರಿಕ್‌ನ ಅಜ್ಜಿ.

ಮಧ್ಯಾಹ್ನ ವೆಂಡೆಲ್ ಹೋದಾಗ ಆಕೆಯ ಅಡುಗೆಮನೆಯಲ್ಲಿ ಪೀಚ್ ಹಣ್ಣಿನ ಪೈ ಬೇಯುತ್ತಿತ್ತು. ಹಿಂಬಾಗಿಲಿನಿಂದ ಡೆಮೆಟ್ರಿಕ್ ಜಿರಾಫೆಯಂತೆ ಕತ್ತು ಬಗ್ಗಿಸಿ ಒಳಬಂದ.

"ಕಾಲು ಒರೆಸ್ಕೊ," ಎಂದಳು ಅಜ್ಜಿ, ತಿರುಗಿಯೂ ನೋಡದೆ.

"ಹೂಂ ಅಜ್ಜಿ."

"ಬೆನ್ನು ನೆಟ್ಟಗೆ."

"ಹೂಂ ಅಜ್ಜಿ."

ವೆಂಡೆಲ್‌ನ ಎದೆ ಹಿಗ್ಗಿತು. ಇಂಥ ಆಜ್ಞಾಪಾಲನೆಯನ್ನು ಅವನು ಯಾವ ಅಂಗಳದಲ್ಲೂ ಕಂಡಿರಲಿಲ್ಲ.

"ಕೋಚ್, ನಿಮ್ಮ ಹತ್ರ ಒಂದು ಮಾತು..." ಎಂದು ಹುಡುಗ ಬಾಯಿ ತೆರೆದ.

"ಆಮೇಲೆ ಮಾತಾಡೋಣ ಮರಿ, ಹೊರಗಡೆ ಆಡ್ಕೊ ಹೋಗು. ದೊಡ್ಡವರು ಮಾತಾಡ್ತಿದ್ದೀವಿ," ಎಂದು ವೆಂಡೆಲ್ ಅವನನ್ನು ಸಾಗಹಾಕಿ, ಅಜ್ಜಿಯ ಮುಂದೆ ಕೆಲಸದ ಮಾತೆತ್ತಿದ.

ಅಜ್ಜಿ ಸೌಟು ಕೆಳಗಿಟ್ಟಳು. "ನನ್ನ ಮಗನಿಗೆ ಶೂ ಲೇಸು ಕಟ್ಕೊಳ್ಳೋಕೆ ಬರಲ್ಲ, ಅವನು ಮಾರ್ಲೋದಲ್ಲಿ ಕೋಚಂತೆ! ಅವನೇ ಆಗಬಹುದಾದ್ರೆ ನಾನ್ಯಾಕೆ ಆಗಬಾರ್ದು? ಎಲ್ಲಿ ಸಹಿ ಹಾಕ್ಬೇಕು, ತೋರ್ಸಪ್ಪ."

ಸಂಜೆ ಶಾಲೆಯ ಅಂಗಳ ಕಿಕ್ಕಿರಿದಿತ್ತು. ಮೇಜಿನ ಮೇಲೆ ಎರಡು ಟೋಪಿ: ಬೆಲ್‌ಫೋರ್ಡಿನದು ಕೆಂಪು, ಮಾರ್ಲೋದ್ದು ನೀಲಿ. ಹುಡುಗ ಯಾವುದನ್ನು ತಲೆಗಿಡುತ್ತಾನೋ ಆ ಕಾಲೇಜು ಗೆದ್ದಂತೆ. ಮುಂದಿನ ಸಾಲಿನಲ್ಲಿ ಮಾವ ನೀಲಿ ಕೋಟು ತೊಟ್ಟು ಆಕಳಿಸುತ್ತಿದ್ದ. ಅವನ ಪಕ್ಕದಲ್ಲೇ ಅಜ್ಜಿ, ಮೊಣಕಾಲಿನವರೆಗೆ ಇಳಿಬಿದ್ದ ಕೆಂಪು ಕೋಟಿನಲ್ಲಿ, ರಾಣಿಯ ಗತ್ತಿನಿಂದ ಕುಳಿತಿದ್ದಳು.

ಡೆಮೆಟ್ರಿಕ್ ಕೆಂಪು ಟೋಪಿಯನ್ನು ಕೈಗೆತ್ತಿಕೊಂಡ. ನೋಡಲು ಬಂದಿದ್ದ ಸ್ಟ್ರೌಡ್‌ನ ಮುಖ ಹುಣ್ಣಿಮೆಯಾಯಿತು. ಹುಡುಗ ಅಜ್ಜಿಯ ಕೋಟನ್ನೊಮ್ಮೆ ನೋಡಿದ. ಕೆಂಪು ಟೋಪಿಯನ್ನು ಮೆಲ್ಲನೆ ಕೆಳಗಿಟ್ಟು ನೀಲಿಯದನ್ನು ತಲೆಗೇರಿಸಿದ. ಗದ್ದಲದ ನಡುವೆ ಸ್ಟ್ರೌಡ್ ವೆಂಡೆಲ್‌ನ ಕೋಟಿನಿಂದ ಕಾಲೇಜಿನ ಬಿಲ್ಲೆಯನ್ನು ಕಿತ್ತುಕೊಂಡು ಹೋದ.

ಹುಡುಗ ಜನರನ್ನು ಸರಿಸಿಕೊಂಡು ವೆಂಡೆಲ್‌ನ ಬಳಿ ಬಂದ. "ತಪ್ಪು ತಿಳ್ಕೋಬೇಡಿ ಕೋಚ್. ನಿಮ್ಮ ಹತ್ರಾನೇ ಹೆಜ್ಜೆ ಕಲೀಬೇಕು ಅಂತಿದ್ದೆ. ಮಧ್ಯಾಹ್ನ ಅದನ್ನೇ ಹೇಳೋಕೆ ಬಂದೆ, ನೀವು ಆಡ್ಕೊ ಹೋಗು ಅಂದ್ರಿ. ಈಗ ನಿಮ್ಮಲ್ಲಿ ಅಜ್ಜಿ ಇದ್ದಾಳೆ! ಹಲ್ಲುಜ್ಜಿದ್ಯಾ ಅಂತ ಬೆಂಚಿಂದಾನೇ ಕೂಗ್ತಾಳೆ."

"ಮಾರ್ಲೋದಲ್ಲಿ ನಿನ್ನ ಮಾವ ಇದ್ದಾನಲ್ಲಪ್ಪ?"

"ಮಾವನ ಕಾಟ ಇಲ್ಲ ಕೋಚ್. ಅವನು ಎಲ್ಲಿ ಕೂತ್ರೂ ನಿದ್ದೆ ಮಾಡ್ತಾನೆ."

ದೊಡ್ಡವರೆನಿಸಿಕೊಂಡವರು ಊರೆಲ್ಲ ತಿರುಗಿ ಎಲ್ಲರನ್ನೂ ಕೇಳಿದ್ದರು. ಆಡಬೇಕಾದ ಹುಡುಗನೊಬ್ಬನನ್ನು ಬಿಟ್ಟು. ತಪ್ಪಿತಸ್ಥರ ಸಾಲಿನಲ್ಲಿ ತಾನೂ ನಿಂತಿದ್ದೇನೆಂದು ವೆಂಡೆಲ್‌ಗೆ ಹೊಳೆಯಿತು.

"ಅವನು ಹೋಗ್ಲಿ ಬಿಡು," ಎಂದಳು ಅಜ್ಜಿ, ಕೋಟಿನ ತೋಳು ಮಡಚುತ್ತ. "ನಾನು ಸಹಿ ಹಾಕಿದ್ದೀನಿ, ಮಾತಿಗೆ ತಪ್ಪೋಳಲ್ಲ. ನಾಳೆಯಿಂದ ಕೆಲಸಕ್ಕೆ ಬರ್ತೀನಿ. ಆದ್ರೆ ನಂಗೆ ಕಾರು ಓಡಿಸೋಕೆ ಬರಲ್ಲ. ನಿಂಗೂ ಈಗ ಕೆಲಸ ಇಲ್ವಂತೆ."

ಹೀಗೆ ಬೆಲ್‌ಫೋರ್ಡಿನ ಹೊಸ ಕೋಚ್ ಹಿಂದಿನ ಸೀಟಿನಲ್ಲೂ ಹಳೆಯ ಕೋಚ್ ಸ್ಟಿಯರಿಂಗಿನ ಮುಂದೆಯೂ ಕುಳಿತರು. ಮುಂದಿನ ಸೀಟಿನಲ್ಲಿ ಮಧ್ಯಾಹ್ನದ ಪೈ ಘಮಘಮಿಸುತ್ತಿತ್ತು. ಅದರಲ್ಲೊಂದು ದೊಡ್ಡ ತುಂಡು ಅವನದೆಂದು ಅಜ್ಜಿ ಆಗಲೇ ಹೇಳಿದ್ದರಿಂದ ವೆಂಡೆಲ್‌ನ ದುಃಖ ಬಹಳ ಹೊತ್ತು ನಿಲ್ಲಲಿಲ್ಲ.

"ಅದೇನಪ್ಪ ಅದು, ಹೆಜ್ಜೆ ಹಾಕೋದು ಅಂದ್ರೆ? ದಾರಿ ಉದ್ದಕ್ಕೂ ಹೇಳ್ತಾ ಹೋಗು. ನಾಳೆ ಆ ಹುಡುಗರಿಗೆ ನಾನು ಕಲಿಸ್ಬೇಕು."

ಇಷ್ಟು ವರ್ಷಗಳಲ್ಲಿ ಕಾಲೇಜಿನ ದೊಡ್ಡವರಾರೂ ಈ ಪ್ರಶ್ನೆ ಕೇಳಿರಲಿಲ್ಲ. ವೆಂಡೆಲ್ ಉತ್ಸಾಹದಿಂದ ಗಂಟಲು ಸರಿಪಡಿಸಿಕೊಂಡ.

"ಮೊದಲು ಎಡಗಾಲು..."

"ಮೊದಲು ಬೆನ್ನು ನೆಟ್ಟಗೆ ಮಾಡ್ಕೊ," ಎಂದು ಕೋಚ್ ಗದರಿದಳು.

"ಹೂಂ ಅಜ್ಜಿ," ಎಂದ ವೆಂಡೆಲ್.