ಪಂದ್ಯದ ಸೈಕಲ್ಲಿಗೆ ಕ್ಯಾರಿಯರ್

ಸಾವಿನ ಬಾಯಿಂದ ಪಾರಾಗಿ ಬಂದವನಿಗೆ ಮನೆಯಲ್ಲಿ ಸಿಗುವುದು ಬೆಳ್ಳಿ ತಟ್ಟೆಯ ಮರ್ಯಾದೆ. ಒರೆಸುತ್ತಾರೆ, ಬಟ್ಟೆ ಸುತ್ತಿಡುತ್ತಾರೆ, ಉಪಯೋಗಕ್ಕೆ ಮಾತ್ರ ತೆಗೆಯುವುದಿಲ್ಲ. ಕ್ಷಯ ವಾಸಿಯಾಗಿ ಜಯನಗರದ ಮನೆಗೆ ಮರಳಿದ ನನಗೆ ಹಾಲು, ತುಪ್ಪ, ಮಫ್ಲರು ಯಾವುದಕ್ಕೂ ಕೊರತೆಯಿರಲಿಲ್ಲ. ಬೇಕಾಗಿದ್ದದ್ದು ನನ್ನ ಸೈಕಲ್ಲು. ಕಾಯಿಲೆಗೆ ಮುಂಚೆ ಕನಕಪುರಕ್ಕೆ ಹೋಗಿಬರುವ ಸೈಕಲ್ ಪಂದ್ಯಕ್ಕೆ ತಪ್ಪದೆ ಇಳಿಯುತ್ತಿದ್ದವನು ನಾನು. ಗೆದ್ದದ್ದಿಲ್ಲ ಅನ್ನಿ, ಆದರೆ ಅರ್ಧಕ್ಕೆ ಬಿಟ್ಟವನೂ ಅಲ್ಲ. ಆಸ್ಪತ್ರೆಯ ಮಂಚದ ಮೇಲೆ ನಾನು ನೆನೆಯುತ್ತಿದ್ದದ್ದು ದೇವರನ್ನಲ್ಲ, ಬನಶಂಕರಿ ಗುಡಿ ದಾಟಿದರೆ ರಾಗಿ ಹೊಲಗಳ ಮೇಲಿಂದ ಬಂದು ಎದೆಗೆ ಬಡಿಯುತ್ತಿದ್ದ ಗಾಳಿಯನ್ನು. ಅದಕ್ಕಾಗಿ ಮಗ್ಗುಲಾಗಿ ಅತ್ತದ್ದೂ ಉಂಟು.

ಅಡ್ಡ ಬಂದದ್ದು ನನ್ನ ಬಾಯಿ. ಯಾರ ಮನೆಯಿಂದ ಹೊರಟರೂ ನಾವು 'ಹೋಗ್ತೀನಿ' ಅನ್ನುವವರಲ್ಲ, 'ಬರ್ತೀನಿ' ಅನ್ನಬೇಕು. ಆಸ್ಪತ್ರೆಯಲ್ಲಿ ಮಾತ್ರ ಅಪ್ಪಿತಪ್ಪಿಯೂ ಹಾಗನ್ನಬಾರದು. ನಾನೋ ಮಹಾ ಸಂಭಾವಿತ! ಬಿಡುಗಡೆಯ ದಿನ ಡಾಕ್ಟರಿಗೆ ಕೈಮುಗಿದು, "ಬರ್ತೀನಿ ಸಾರ್" ಅಂದುಬಿಟ್ಟೆ. ನನ್ನ ಹೆಂಡತಿ ಕಮಲ ಅಲ್ಲೇ ಹಣೆ ಚಚ್ಚಿಕೊಂಡಳು.

ಅಲ್ಲಿಂದಾಚೆ ಸೈಕಲ್ಲಿನ ಮಾತೆತ್ತಿದರೆ ಒಂದೇ ರಾಗ. "ಬರ್ತೀನಿ ಅಂತ ಮಾತು ಬೇರೆ ಕೊಟ್ಟು ಬಂದಿದ್ದೀರಲ್ಲ! ಅದನ್ನ ಹತ್ತಿದ್ರೆ ಸೀದಾ ಅಲ್ಲಿಗೇ."

"ನಿಧಾನವಾಗಿ ತುಳೀಬಹುದು ಅಂತ ಡಾಕ್ಟರೇ ಅಂದ್ರಲ್ಲೇ."

"ಅವರಿಗೇನ್ರೀ, ನೀವಿಲ್ದಿದ್ರೆ ಇನ್ನೊಬ್ಬ ರೋಗಿ. ನನಗೆ?"

ಮಫ್ಲರು ಬಿಗಿಮಾಡಿಕೊಂಡು ಹಾಲಿನ ಲೋಟ ಎತ್ತಿಕೊಂಡೆ.

ಕೊನೆಗೆ ನನ್ನ ಪೆಚ್ಚು ಮೋರೆ ನೋಡಲಾರದೆ ಒಂದು ಭಾನುವಾರಕ್ಕೆ ಒಪ್ಪಿದಳು. ಆದರೆ ಹಿಂದೆ ಅವಳೂ ಕೂತು ಬರಬೇಕಂತೆ. ಪಂದ್ಯದ ಸೈಕಲ್ಲಿಗೆ ಕ್ಯಾರಿಯರ್! ರೇಸಿನ ಕುದುರೆಗೆ ಜಟಕಾ ಕಟ್ಟಿದ ಹಾಗೆ. ಮಾನ ಹೋದರೆ ಹೋಗಲಿ, ಗಾಳಿ ಸಿಕ್ಕಿದರೆ ಸಾಕು ಅಂತ ಹಾಕಿಸಿಯೇ ಬಿಟ್ಟೆ.

ಗುಡಿ ದಾಟಿತು, ಗಾಳಿಯೂ ಬಂತು. ಆಹಾ, ಅದೇ ಗಾಳಿ! ಮಫ್ಲರು ಸಡಿಲಿಸಿದೆ. ಅಷ್ಟರಲ್ಲಿ ಏರು ಶುರುವಾಗಿ ನನ್ನ ಏದುಸಿರು ಅವಳಿಗೆ ಕೇಳಿಸಿತು. "ನಿಲ್ಲಿಸ್ರೀ, ಇಳೀತೀನಿ. ನೀವು ತುಳೀರಿ, ನಾನು ಹಿಂದೆ ನಡ್ಕೊಂಡು ಬರ್ತೀನಿ."

ಅವಳು ಇಳಿದದ್ದೇ ತಡ, ಸೈಕಲ್ಲು ಹೂವಿನಷ್ಟು ಹಗುರ. ಮೊದಮೊದಲು ಅಂಜುತ್ತ ತುಳಿದೆ. ಆಮೇಲೆ ಕಾಲು ತಾನಾಗಿಯೇ ಆಡಿತು. ಎದೆ ನೋಯಲಿಲ್ಲ, ಕೆಮ್ಮು ಬರಲಿಲ್ಲ. ಈ ಸಲದ ಪಂದ್ಯಕ್ಕೆ ಹೆಸರು ಕೊಡುವುದೇ ಸರಿ, ಯಾರಿಗೆ ಗೊತ್ತು, ಗೆದ್ದರೂ ಗೆದ್ದೆ ಅಂದುಕೊಂಡೆ. ಏರಿನ ನೆತ್ತಿಯಲ್ಲಿ ಕಾಲೂರಿ ನಿಂತು, ಕಮಲ ಎಲ್ಲೋ ದೂರ ಕೆಳಗಿದ್ದಾಳೆ ಅಂತ ತಿರುಗದೆಯೇ ಕೂಗಿದೆ: "ನೋಡಿದ್ಯೇನೇ ನನ್ನ ಕಾಲಿನ ಕಸುವು?"

"ನೋಡ್ದೆ ಬಿಡಿ," ಅಂತ ಬೆನ್ನ ಹಿಂದೆಯೇ ಕೇಳಿಸಿತು. ತಿರುಗಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಕ್ಯಾರಿಯರ್ ಮೇಲಿಟ್ಟು, ಮೈಯೆಲ್ಲಾ ತೊಯ್ದುಹೋಗಿ ಏದುಸಿರು ಬಿಡುತ್ತಿದ್ದಳು. "ಮೊದಲು ನಿಮ್ಮ ಕರ್ಚೀಫು ಕೊಡಿ, ಬೆವರು ಒರೆಸ್ಕೋಬೇಕು."

ಕೊಟ್ಟೆ. ನನ್ನ ಹಣೆಯನ್ನೂ ಒಮ್ಮೆ ಮುಟ್ಟಿ ನೋಡಿಕೊಂಡೆ. ಒಂದು ಹನಿ ಇರಲಿಲ್ಲ.